ಗಾರ್ಡನ್ ರೀಚ್‌ನಿಂದ ಸೇಲಾ ಕಣಿವೆಮಾರ್ಗಕ್ಕೆ: ತಂಡದ ಸೈಕಲ್ ಯಾತ್ರೆಗೆ ಪೂರ್ವಸಿದ್ಧತೆ

ಕೋಲ್ಕತ್ತಾ ಮಹಾನಗರದ ನೈರುತ್ಯ ಭಾಗದಲ್ಲಿ, ಹೂಗ್ಲಿ ನದಿಯ ಪೂರ್ವ ದಂಡೆಯ ಮೇಲೆ ಹಬ್ಬಿರುವ ಗಾರ್ಡನ್ ರೀಚ್ ಪ್ರದೇಶವು ಹಡಗು ನಿರ್ಮಾಣ ಕಾರ್ಖಾನೆಗೂ, ಆಗ್ನೇಯ ರೈಲ್ವೆಯ ಕೇಂದ್ರ ಕಚೇರಿಗೂ, ಪಕ್ಕದ ಮೆಟಿಯಾಬ್ರುಜ್‌ನ ದರ್ಜಿಗಳ ಕುಶಲತೆಗೂ ಹೆಸರಾದುದು. ಸಮುದ್ರಮಟ್ಟಕ್ಕಿಂತ ಕೆಲವೇ ಮೀಟರುಗಳಷ್ಟು ಎತ್ತರದಲ್ಲಿರುವ ಈ ನೆಲದಿಂದ ಹೊರಡುವ ಯುವಜನರ ತಂಡವೊಂದು, ಅರುಣಾಚಲ ಪ್ರದೇಶದಲ್ಲಿ 4,170 ಮೀಟರ್ ಎತ್ತರದಲ್ಲಿರುವ ಸೇಲಾ ಕಣಿವೆಮಾರ್ಗವನ್ನು ದಾಟಿ ಸೈಕಲ್ ಮೇಲೆ ತವಾಂಗ್ ತಲುಪಬೇಕಾದರೆ ಯಾವ ಬಗೆಯ ಸಿದ್ಧತೆ ಅವಶ್ಯಕವೆಂಬುದನ್ನು ಇಲ್ಲಿ ವಿವರಿಸಲಾಗಿದೆ. ರಾಯಚೂರು, ಬಳ್ಳಾರಿಗಳ ಬಯಲಿನಲ್ಲಿ ಸೈಕಲ್ ತುಳಿದು ರೂಢಿಯಾದವರಿಗೂ ಈ ವಿಷಯಗಳು ಅಷ್ಟೇ ಅನ್ವಯಿಸುತ್ತವೆ.

ನಮ್ಮ ದೇಶದಲ್ಲಿ ಇಂತಹ ಸಾಹಸಕ್ಕೆ ಹಳೆಯ ಪರಂಪರೆಯೇ ಇದೆ. 1923ರ ಅಕ್ಟೋಬರಿನಲ್ಲಿ ಮುಂಬಯಿಯಿಂದ ಆರು ಮಂದಿ ಪಾರ್ಸಿ ಯುವಕರು ಸೈಕಲ್ ಮೇಲೆ ವಿಶ್ವಪರ್ಯಟನೆಗೆ ಹೊರಟರು. 1928ರಲ್ಲಿ ಅದನ್ನು ಪೂರ್ಣಗೊಳಿಸಿ ಮರಳಿದವರು ಆದಿ ಹಕೀಮ್, ಜಾಲ್ ಬಾಪಸೋಲಾ ಮತ್ತು ರುಸ್ತುಂ ಭೂಮಗಾರಾ, ಈ ಮೂವರು ಮಾತ್ರ. 1926ರ ಡಿಸೆಂಬರಿನಲ್ಲಿ ಕೋಲ್ಕತ್ತಾದ ಟೌನ್‌ಹಾಲಿನಿಂದ ನಾಲ್ವರು ಬಂಗಾಳಿ ಯುವಕರು ಹೊರಟರು. 1937ರಲ್ಲಿ ಯಾತ್ರೆ ಮುಗಿಸಿ ಬಂದವರು ವಿಮಲ ಮುಖರ್ಜಿಯವರೊಬ್ಬರೇ. ಇವರ ಧೈರ್ಯವನ್ನು ಎಲ್ಲರೂ ಕೊಂಡಾಡುತ್ತಾರೆ, ಅದು ಯೋಗ್ಯವೂ ಹೌದು. ಆದರೆ ತಂಡ ಕಟ್ಟುವವರು ಗಮನಿಸಬೇಕಾದುದು ಮತ್ತೊಂದು ಅಂಶವನ್ನು: ಹೊರಟಷ್ಟೇ ಜನ ಕೊನೆಯವರೆಗೂ ಜೊತೆಗಿರುವುದು ಅಪರೂಪ. ಅನಾರೋಗ್ಯ, ಮನೆಯ ಕರೆ, ಉತ್ಸಾಹಭಂಗ, ಅಭಿಪ್ರಾಯಭೇದ ಇವುಗಳಲ್ಲಿ ಯಾವುದಾದರೊಂದು ಎಲ್ಲ ತಂಡಗಳಿಗೂ ಎದುರಾಗುತ್ತದೆ. ಒಬ್ಬರು ಹಿಂದುಳಿದಾಗ ಉಳಿದವರು ಏನು ಮಾಡತಕ್ಕದ್ದೆಂಬುದನ್ನು ಊರಿನಲ್ಲಿ ಕುಳಿತೇ ನಿರ್ಣಯಿಸದ ತಂಡಕ್ಕೆ ಎಷ್ಟು ಒಳ್ಳೆಯ ಸೈಕಲ್ ಇದ್ದರೂ ಅಪಾಯ ತಪ್ಪಿದ್ದಲ್ಲ.

ಆದ್ದರಿಂದ ಮೊದಲನೆಯ ಸಭೆಯಲ್ಲಿ ಯಂತ್ರದ ಮಾತಿಗಿಂತ ನಿಯಮಗಳ ಮಾತು ನಡೆಯುವುದು ಲೇಸು. ತಂಡದ ವೇಗವನ್ನು ಎಲ್ಲರಿಗಿಂತ ನಿಧಾನವಾಗಿ ಸಾಗುವವರು ಗೊತ್ತುಪಡಿಸಬೇಕು. ದುರಸ್ತಿಯ ಸಲಕರಣೆ, ಔಷಧಿ ಪೆಟ್ಟಿಗೆಗಳೊಡನೆ ಅನುಭವಿಯೊಬ್ಬರು ಸದಾ ಕೊನೆಯಲ್ಲಿರಬೇಕು. ಅವರನ್ನು ಯಾರೂ ಹಿಂದೆ ಹಾಕಿ ಹೋಗಬಾರದು. ಕವಲುದಾರಿ ಬಂದಲ್ಲೆಲ್ಲ ಮುಂದಿನವರು ನಿಂತು ಹಿಂದಿನವರನ್ನು ಕಾಯಬೇಕು. ಯಾರನ್ನೂ ಒಂಟಿಯಾಗಿ ಹಿಂದಿರುಗಿಸಕೂಡದು, ಜೊತೆಗೆ ಮತ್ತೊಬ್ಬರು ಹೋಗಲೇಬೇಕು. ಮರಳಬೇಕೇ ಬೇಡವೇ ಎಂಬ ತೀರ್ಮಾನವನ್ನು ಬಹುಮತಕ್ಕೆ ಬಿಡುವುದು ಸರಿಯಲ್ಲ, ಏಕೆಂದರೆ ಗುರಿ ಹತ್ತಿರವಾದಷ್ಟೂ ಬಹುಮತವು ಮುಂದೆ ಹೋಗುವ ಕಡೆಗೇ ವಾಲುತ್ತದೆ. ಅಸ್ವಸ್ಥರ ಪರವಾಗಿ ‘ಸಾಕು’ ಎನ್ನುವ ಅಧಿಕಾರ ತಂಡದ ನಾಯಕರಿಗೂ ಔಷಧಿ ನೋಡಿಕೊಳ್ಳುವವರಿಗೂ ಇರಲಿ. ಇಬ್ಬರಲ್ಲಿ ಯಾರೊಬ್ಬರು ಹೇಳಿದರೂ ಅದೇ ಅಂತಿಮ.

ಮಾರ್ಗದ ಸ್ವರೂಪವನ್ನು ಅರಿತರೆ ಈ ಕಟ್ಟುನಿಟ್ಟು ಏಕೆಂಬುದು ಸ್ಪಷ್ಟವಾಗುತ್ತದೆ. ಅಸ್ಸಾಮಿನ ತೇಜ್‌ಪುರದಿಂದ ಬಾಲಿಪಾರಾ ಮಾರ್ಗವಾಗಿ ಗಡಿಯ ಭಾಲುಕ್‌ಪೋಂಗ್‌ವರೆಗೆ ದಾರಿ ಬಹುಮಟ್ಟಿಗೆ ಸಮತಟ್ಟಾಗಿದೆ. ಅಲ್ಲಿಂದ ಕಾಡಿನ ನಡುವೆ ಏರು ಆರಂಭವಾಗಿ, ಬೊಮ್ಡಿಲಾದಲ್ಲಿ ಸುಮಾರು 2,400 ಮೀಟರ್ ಎತ್ತರ ತಲುಪುತ್ತದೆ. ಅನಂತರ ರಸ್ತೆಯು ಸುಮಾರು 1,500 ಮೀಟರ್ ಎತ್ತರದ ದಿರಾಂಗ್‌ಗೆ ಇಳಿದು, ಪುನಃ ಸೇಲಾಕ್ಕೆ ಏರುತ್ತದೆ. ಕಷ್ಟಪಟ್ಟು ಗಳಿಸಿದ ಎತ್ತರವನ್ನು ಕಳೆದುಕೊಂಡು ಎರಡನೆಯ ಬಾರಿ ಗಳಿಸಬೇಕಾದ ಈ ಸ್ಥಿತಿ ಕಾಲುಗಳಿಗಿಂತ ಮನಸ್ಸನ್ನು ಹೆಚ್ಚು ದಣಿಸುತ್ತದೆ. ಬಯಲಿನಲ್ಲಿ ದಿನಕ್ಕೆ 80 ಕಿಲೋಮೀಟರ್ ಸಾಗುವ ತಂಡ ಇಲ್ಲಿ 30–40 ಕಿಲೋಮೀಟರಿಗೆ ತೃಪ್ತಿಪಡಬೇಕು. 2024ರ ಮಾರ್ಚಿನಲ್ಲಿ ಉದ್ಘಾಟನೆಗೊಂಡ ಸೇಲಾ ಸುರಂಗವು ಹಿಮ ಬಿದ್ದಾಗ ವಾಹನಗಳಿಗೆ ದೊಡ್ಡ ನೆರವು. ಆದರೆ ಸುರಂಗವೂ ಬಹು ಎತ್ತರದಲ್ಲಿಯೇ ಇರುವುದರಿಂದ ಏರಿನ ಬಹುಪಾಲು ಶ್ರಮ ತಪ್ಪುವುದಿಲ್ಲ.

ಸೇಲಾದ ಎತ್ತರದಲ್ಲಿ ಒಂದೊಂದು ಉಸಿರಿನಲ್ಲಿ ದೊರೆಯುವ ಆಮ್ಲಜನಕ ಸಮುದ್ರಮಟ್ಟದಲ್ಲಿ ದೊರೆಯುವುದರ ಶೇಕಡಾ 60ರಷ್ಟು ಮಾತ್ರ. ದೇಹದಾರ್ಢ್ಯಕ್ಕೂ ಇದರಿಂದುಂಟಾಗುವ ಕಾಯಿಲೆಗೂ ಸಂಬಂಧವಿಲ್ಲ. ಬಲಿಷ್ಠನಾದ ತರುಣನು ಅವಸರದಿಂದ ಏರುವ ಕಾರಣ ಅವನೇ ಮೊದಲು ಮಲಗುವುದುಂಟು. ತಲೆನೋವು, ಓಕರಿಕೆ, ಹಸಿವಿಲ್ಲದಿರುವಿಕೆ, ನಿದ್ರೆ ಬಾರದಿರುವಿಕೆ ಮೊದಲ ಲಕ್ಷಣಗಳು. ಇವು ಕಂಡವರು ವಾಸಿಯಾಗುವವರೆಗೆ ಮೇಲೇರಬಾರದು. ನೇರ ಗೆರೆಯ ಮೇಲೆ ಹಿಮ್ಮಡಿಗೆ ಬೆರಳು ತಾಗಿಸಿ ನಡೆಯಲಾಗದೆ ತೂರಾಡುವುದು, ಕುಳಿತಲ್ಲಿಯೇ ಏದುಸಿರು ಬರುವುದು, ಕೆಮ್ಮಿನೊಡನೆ ನೊರೆ ಕಾಣಿಸುವುದು, ಇವು ಪ್ರಾಣಾಪಾಯದ ಸೂಚನೆಗಳು. ಆಗ ರಾತ್ರಿಯಾಗಿದ್ದರೂ ಸಿಕ್ಕಿದ ವಾಹನದಲ್ಲಿ ಕೂಡಲೇ ಕೆಳಗಿಳಿಸಬೇಕು. ಬೆಳಗಾಗಲಿ ಎಂದು ಕಾಯಕೂಡದು. ಹಗಲಿನಲ್ಲಿ ಎಷ್ಟು ಎತ್ತರ ಏರಿದೆವೆಂಬುದಕ್ಕಿಂತ ರಾತ್ರಿ ಎಷ್ಟು ಎತ್ತರದಲ್ಲಿ ಮಲಗಿದೆವೆಂಬುದು ಮುಖ್ಯ. 3,000 ಮೀಟರಿನ ಮೇಲೆ ಮಲಗುವ ಎತ್ತರವು ದಿನಕ್ಕೆ 500 ಮೀಟರಿಗಿಂತ ಹೆಚ್ಚು ಏರದಿರಲಿ. ದಿರಾಂಗ್‌ನಲ್ಲಿ ಎರಡು ರಾತ್ರಿ, ಸೆಂಗೆಯಲ್ಲಿ ಒಂದು ರಾತ್ರಿ ಕಳೆದು, ಸೇಲಾ ದಾಟಿದ ದಿನವೇ ಆಚೆಯ ಜಾಂಗ್‌ಗೆ ಇಳಿಯುವುದು ಉಚಿತ.

ಗಾರ್ಡನ್ ರೀಚ್‌ನಲ್ಲಿ ಏರು ಎಂದರೆ ಮೇಲುಸೇತುವೆಯೊಂದೇ! ಆದುದರಿಂದ ಅಭ್ಯಾಸಕ್ಕಾಗಿ ಪುರುಲಿಯಾ ಜಿಲ್ಲೆಯ ಅಯೋಧ್ಯಾ ಬೆಟ್ಟಗಳಿಗೆ ಹೋಗುವುದು ಒಳಿತು. ರೈಲಿನ ಅನುಕೂಲವೂ ಇದೆ. ಅಭ್ಯಾಸವನ್ನು ಯಾತ್ರೆಯ ಪೂರ್ಣ ಹೊರೆಯೊಂದಿಗೇ ನಡೆಸಬೇಕು. ಬರಿಗೈಯಲ್ಲಿ ನೂರು ಕಿಲೋಮೀಟರ್ ತುಳಿದವರಿಗೂ ಹದಿನೈದು ಕಿಲೋಗ್ರಾಂ ಹೇರಿದ ಸೈಕಲ್ ಬೇರೆಯ ಪ್ರಾಣಿಯಂತೆ ವರ್ತಿಸುತ್ತದೆ.

ಸೈಕಲುಗಳ ವಿಷಯದಲ್ಲಿ ಒಂದು ಮಾತು ಮುಖ್ಯ: ಎಲ್ಲರ ಚಕ್ರಗಳೂ ಒಂದೇ ಅಳತೆಯವಾಗಿರಲಿ. ಆಗ ತಂಡಕ್ಕೆಲ್ಲ ಎರಡು ಹೆಚ್ಚುವರಿ ಟೈರು ಸಾಕು. ಇಲ್ಲವಾದರೆ ಹತ್ತಿದ್ದರೂ ಸಾಲದು. ಏರಿಗೆ ತಕ್ಕ ಚಿಕ್ಕ ಗೇರು ಇರಬೇಕು. ಹೊರೆಯಿಂದಾಗಿ ಹಿಂಚಕ್ರದ ಕಡ್ಡಿಗಳು ಮುರಿಯುವುದು ಹೆಚ್ಚು, ಅದೂ ಫ್ರೀವೀಲ್ ಇರುವ ಕಡೆಯಲ್ಲಿ. ಆದ್ದರಿಂದ ಕಡ್ಡಿಗಳ ಜೊತೆಗೆ ಫ್ರೀವೀಲ್ ಬಿಚ್ಚುವ ಸಲಕರಣೆಯನ್ನೂ ಒಯ್ಯಬೇಕು. ಉದ್ದದ ಇಳಿಜಾರಿನಲ್ಲಿ ಬ್ರೇಕಿನ ಉಜ್ಜುವಿಕೆಯಿಂದ ರಿಮ್ ಕಾದು ಟ್ಯೂಬು ಸಿಡಿಯಬಹುದಾದುದರಿಂದ ಆಗಾಗ ನಿಂತು ತಣಿಸಬೇಕು. ಕ್ಯಾರಿಯರಿನ ಇಬ್ಬದಿಗೆ ತೂಗುವ ಚೀಲಗಳನ್ನು ಮೆಟಿಯಾಬ್ರುಜ್‌ನ ದರ್ಜಿಗಳಿಂದ ದಪ್ಪ ಕ್ಯಾನ್ವಾಸಿನಲ್ಲಿ ಹೊಲಿಸಬಹುದು. ಸಾಮಾನುಗಳನ್ನು ಒಳಗೆ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಟ್ಟರೆ ಮಳೆಯ ಭಯವಿಲ್ಲ.

ಸೇನೆಗೆ ಹಡಗು ಕಟ್ಟಿಕೊಡುವ ಗಾರ್ಡನ್ ರೀಚ್ ಶಿಪ್‌ಬಿಲ್ಡರ್ಸ್ ಸಂಸ್ಥೆಯು ಬಿಡಿಭಾಗಗಳನ್ನು ಜೋಡಿಸಿ ನಿಲ್ಲಿಸುವ ಬೈಲಿ ಮಾದರಿಯ ಉಕ್ಕಿನ ಸೇತುವೆಗಳನ್ನೂ ತಯಾರಿಸುತ್ತದೆ. ಗಡಿ ರಸ್ತೆಗಳಲ್ಲಿ ಇಂಥ ಸೇತುವೆಗಳು ಎದುರಾಗುತ್ತವೆ. ಊರಿನ ಉಕ್ಕೆಂದು ಹಿಗ್ಗಿದರೆ ತಪ್ಪಿಲ್ಲ, ಆದರೆ ಒದ್ದೆಯಾದ ಹಲಗೆಗಳ ಮೇಲೆ ಇಳಿದೇ ನಡೆಯಬೇಕು.

ಎತ್ತರದಲ್ಲಿ ನೀರು ಕಡಿಮೆ ಶಾಖಕ್ಕೇ ಕುದಿಯುವುದರಿಂದ ಬೇಳೆ ಬೇಯುವುದಿಲ್ಲ. ಚಿಕ್ಕ ಪ್ರೆಷರ್ ಕುಕ್ಕರ್ ಒಯ್ಯುವುದು ಅಗತ್ಯ. ಕುದಿಸಿದ ನೀರನ್ನೇ ಕುಡಿಯಬೇಕು. ತಪ್ಪಲಿನ ಕಾಡುಗಳಲ್ಲಿ ಮಲೇರಿಯಾ ಇರುವ ಕಾರಣ ಸೊಳ್ಳೆ ಪರದೆ ಬೇಕು. ಆನೆಗಳ ಸಂಚಾರವಿರುವುದರಿಂದ ಮುಸ್ಸಂಜೆಗೆ ಮುನ್ನವೇ ಬಿಡಾರ ಸೇರಬೇಕು. ಅರುಣಾಚಲ ಪ್ರವೇಶಕ್ಕೆ ಅವಶ್ಯಕವಾದ ಒಳಗಡಿ ಪರವಾನಗಿಯನ್ನು ಕೋಲ್ಕತ್ತಾದಲ್ಲಿರುವ ಆ ರಾಜ್ಯದ ಕಚೇರಿಯಿಂದ ಅಥವಾ ಅಂತರ್ಜಾಲದ ಮೂಲಕ ಪಡೆಯಬಹುದು. ಮಳೆಗಾಲದಲ್ಲಿ ಭೂಕುಸಿತಗಳಾಗುವುದರಿಂದ ಅಕ್ಟೋಬರ್–ನವೆಂಬರ್ ತಿಂಗಳುಗಳೇ ಸೂಕ್ತ.

ಹೌರಾದಿಂದ ಗುವಾಹಟಿಗೆ ಸೈಕಲುಗಳನ್ನು ರೈಲಿನ ಪಾರ್ಸೆಲ್ ಡಬ್ಬಿಯಲ್ಲಿ ಕಳುಹಿಸುವಾಗ ಪೆಡಲು ಬಿಚ್ಚಿ, ಹ್ಯಾಂಡಲ್ ತಿರುಗಿಸಿ, ಗೋಣಿಯಲ್ಲಿ ಸುತ್ತಿ, ಸೇರಬೇಕಾದ ನಿಲ್ದಾಣದ ಹೆಸರನ್ನು ಎರಡು ಕಡೆಯೂ ಬರೆದು ಕಟ್ಟಬೇಕು. ತಂಡ ಪ್ರಯಾಣಿಸುವ ರೈಲಿನಲ್ಲಿಯೇ ಅವು ಬರುವುದೆಂಬ ಭರವಸೆಯಿಲ್ಲದ ಕಾರಣ, ಎರಡು ದಿನ ಮುಂಚಿತವಾಗಿ ಪಾರ್ಸೆಲ್ ಮಾಡಿ, ರಸೀದಿಯೊಡನೆ ಒಬ್ಬರನ್ನು ಮೊದಲೇ ಗುವಾಹಟಿಗೆ ಕಳುಹಿಸಿರುವುದು ಉತ್ತಮ.