ಪೈರಿನ ಕಾಲಡಿಯ ಗುಳ್ಳೆ

ಕೋಲಾರ ಜಿಲ್ಲೆಯ ಬೇತಮಂಗಲದ ಕಡೆ, ಕೆರೆ ಏರಿಯ ಕೆಳಗಿನ ಗದ್ದೆ ಬಯಲು. ನಾಟಿಯಾಗಿ ತಿಂಗಳಾದ ಪೈರು ಮೊಣಕಾಲಿಗೆ ಬಂದಿದೆ. ಬದುವಿನಿಂದ ಇಳಿದು ಹೆಜ್ಜೆಯಿಟ್ಟರೆ ಕೆಸರು ಮೀನಖಂಡದವರೆಗೆ ನುಂಗುತ್ತದೆ. ಹಿಮ್ಮಡಿಯ ಸುತ್ತ ಗುಳುಗುಳು ಗುಳ್ಳೆಗಳೇಳುತ್ತವೆ. ಮೂಗಿಗೆ ಬಡಿಯುವ ಕೊಳೆತ ವಾಸನೆ ಬೇರೆ ಅನಿಲಗಳದ್ದು. ಅವುಗಳ ಜೊತೆಗೇ ಏಳುವ ಮೀಥೇನಿಗೆ ಬಣ್ಣವಿಲ್ಲ, ವಾಸನೆಯಿಲ್ಲ. 2001ರಲ್ಲಿ ಮುಚ್ಚಿದ ಕೆಜಿಎಫ್ ಗಣಿಯ ಸೈನೈಡ್ ದಿಬ್ಬಗಳಿಂದೇಳುವ ದೂಳನ್ನು ಊರೆಲ್ಲ ಬೈಯುತ್ತದೆ. ಈ ಹಸಿರನ್ನು ಯಾರು ಬೈದಾರು?

ನೀರು ನಿಂತ ಮಣ್ಣಿಗೆ ಗಾಳಿ ತಾಕದು. ಗಾಳಿ ಬೇಡದ ಸೂಕ್ಷ್ಮಜೀವಿಗಳು ಅಲ್ಲಿ ಕೂಳೆ, ಹುಲ್ಲು, ಹಸಿರೆಲೆ ಗೊಬ್ಬರದಿಂದ ಮೀಥೇನ್ ಮಾಡುತ್ತವೆ. ಗುಳ್ಳೆಯಾಗಿ ಬರುವುದು ಸ್ವಲ್ಪವೇ. ಬೇರಿಗೆ ಗಾಳಿ ಇಳಿಸಲು ಬತ್ತದ ದಂಟಿನಲ್ಲಿರುವ ಟೊಳ್ಳು ದಾರಿಗಳೇ ಉಳಿದದ್ದಕ್ಕೆ ಹೊಗೆಕೊಳವೆ. ನೂರು ವರ್ಷದ ಲೆಕ್ಕದಲ್ಲಿ ಒಂದು ಕಿಲೋ ಮೀಥೇನ್ ಸುಮಾರು 28 ಕಿಲೋ ಇಂಗಾಲದ ಡೈಆಕ್ಸೈಡಿನಷ್ಟು ಬಿಸಿ ಹಿಡಿಯುತ್ತದೆ.

ಇದು ರಾಗಿಯ ಸೀಮೆ. ಬಂಗಾರಪೇಟೆ ಅಕ್ಕಿಗೆ ಹೆಸರಿದೆ, ನಿಜ. ಅಲ್ಲಿನ ಮಿಲ್ಲುಗಳಿಗೆ ಬೀಳುವ ಬತ್ತವೆಲ್ಲ ಇಲ್ಲಿನದಲ್ಲ. ಇಲ್ಲಿನ ಗದ್ದೆ ಕೆರೆ ತುಂಬಿದರೆ ಉಂಟು, ಇಲ್ಲದಿದ್ದರೆ ಇಲ್ಲ. ನೀರು ಕಡಿಮೆಯಾದ ವರ್ಷ ನೀರಗಂಟಿ ತೂಬೆತ್ತಿ ಸರದಿಯಂತೆ ಬಿಡುತ್ತಿದ್ದ; ಕೊನೆಯ ತಾಕಿನವನ ಪಾಳಿ ಬರುವಷ್ಟರಲ್ಲಿ ಮಣ್ಣು ಸಣ್ಣಗೆ ಬಿರಿದಿರುತ್ತಿತ್ತು. ಆ ಬಿರುಕಿನಲ್ಲಿ ಗಾಳಿ ಇಳಿದರೆ ಮೀಥೇನಿನ ತಯಾರಿ ನಿಂತಂತೆಯೇ. ಫಿಲಿಪ್ಪೀನ್ಸಿನ ಅಂತರರಾಷ್ಟ್ರೀಯ ಬತ್ತ ಸಂಶೋಧನಾ ಸಂಸ್ಥೆ ಇದನ್ನೇ ತೂತು ಕೊರೆದ ಕೊಳವೆ ಹೂತು ಕಲಿಸುತ್ತದೆ: ಕೊಳವೆಯೊಳಗಿನ ನೀರು ನೆಲಮಟ್ಟದಿಂದ 15 ಸೆಂ.ಮೀ. ಕೆಳಗಿಳಿದ ಮೇಲೆ ಮತ್ತೆ ಹಾಯಿಸಿ, ಹೂ ಬಿಡುವಾಗ ಮಾತ್ರ ಒಣಗಲು ಬಿಡಬೇಡಿ. ಮೀಥೇನ್ ಅರ್ಧದಷ್ಟು ಇಳಿದದ್ದೂ ಉಂಟು. ಆದರೆ ಯೂರಿಯಾ ಸುರಿದು ಒಣಗಿಸಿದರೆ ನೈಟ್ರಸ್ ಆಕ್ಸೈಡ್ ಏಳುತ್ತದೆ, ಬಿಸಿ ಹಿಡಿಯುವುದರಲ್ಲಿ ಅದು ಇನ್ನೂ ಖಾರ. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯವಂತೂ ಕೆಸರೇ ಬೇಡದ ಏರೋಬಿಕ್ ಬತ್ತದ ತಳಿಗಳನ್ನೇ ಕೊಟ್ಟಿದೆ.

2018ರಿಂದ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನ ಸಂಸ್ಕರಿತ ನೀರು ಕೋಲಾರ ಜಿಲ್ಲೆಯ ಕೆರೆಗಳಿಗೆ ಬಿದ್ದು, ಸುತ್ತಲ ಕೊಳವೆಬಾವಿಗಳಿಗೆ ಜೀವ ಬಂತು. ನೀರು ಕಂಡ ರೈತ ಗದ್ದೆ ತುಂಬಿಸದೆ ಇರುತ್ತಾನೆಯೇ? ನಿಂತ ನೀರು ಕಳೆ ಏಳಗೊಡದು. 10 ಎಚ್‌ಪಿವರೆಗಿನ ಪಂಪ್‌ಸೆಟ್ಟಿಗೆ ಕರೆಂಟು ಪುಕ್ಕಟೆ, ಹಾಗಾಗಿ ನೀರು ಉಳಿಸಿದರೆ ಅವನಿಗೆ ಕಾಸೂ ಉಳಿಯದು. ಗದ್ದೆ ಒಣಗಿಸಿದಾಗ ಏಳುವ ಕಳೆ ಕೀಳಿಸುವ ಕೂಲಿಯನ್ನು ಮಾತ್ರ ಅವನೇ ಎಣಿಸಬೇಕು.