ಎಣ್ಣೆ ಉಕ್ಕದಂತೆ ಕೊರೆಯುವ ವಿದ್ಯೆ

ನಮ್ಮ ಕಡೆ ಬೋರ್‌ವೆಲ್ ಲಾರಿ ಬಂದರೆ ಅರ್ಧ ಊರು ಸುತ್ತ ನೆರೆಯುತ್ತದೆ. ಕಂಪ್ರೆಸರ್ ಗಾಳಿಗೆ ಕಲ್ಲಿನ ಪುಡಿ ಹಾರುತ್ತಿರುತ್ತದೆ, ನೀರು ಚಿಮ್ಮಿತೋ, ಮನೆಯವರ ಮುಖ ಅರಳುತ್ತದೆ. ತೈಲಬಾವಿ ಕೊರೆಯುವವರ ಲೆಕ್ಕ ಇದಕ್ಕೆ ಪೂರಾ ಉಲ್ಟಾ. ಕೊರೆಯುತ್ತಿರುವಾಗ ಕೆಳಗಿನಿಂದ ಏನೇ ತಾನಾಗಿ ಮೇಲೆ ಬಂದರೂ ಅದು ಅಪಾಯ. ಸಿನಿಮಾದಲ್ಲಿ ಕಪ್ಪು ಎಣ್ಣೆ ಆಕಾಶಕ್ಕೆ ಹಾರಿದಾಗ ಕೆಲಸಗಾರರು ಅದರಲ್ಲಿ ಮಿಂದು ಕುಣಿಯುತ್ತಾರೆ. ನಿಜವಾದ ರಿಗ್ಗಿನಲ್ಲಿ ಹಾಗಾದರೆ ಓಡುತ್ತಾರೆ.

ಹಾಗಾಗದಂತೆ ಕೊರೆಯುವುದನ್ನು ಕಲಿಸುವ ಸಂಸ್ಥೆಗಳಲ್ಲಿ ಒಂದು ಡೆಹ್ರಾಡೂನಿನಲ್ಲಿದೆ. ಓಎನ್‌ಜಿಸಿ 1978ರಲ್ಲಿ ತೆರೆದ ಇನ್‌ಸ್ಟಿಟ್ಯೂಟ್ ಆಫ್ ಡ್ರಿಲ್ಲಿಂಗ್ ಟೆಕ್ನಾಲಜಿ ಅದು. ಕರ್ನಾಟಕದಲ್ಲಿ ತೈಲಬಾವಿಗಳಿಲ್ಲ. ನಮಗೆ ಗೊತ್ತಿರುವುದು ಮಂಗಳೂರಿನ ಎಂಆರ್‌ಪಿಎಲ್, ಅಲ್ಲಿ ಮತ್ತು ಪಾದೂರಿನಲ್ಲಿ ಬಂಡೆ ಕೊರೆದು ಮಾಡಿದ ಕಚ್ಚಾತೈಲದ ಉಗ್ರಾಣಗಳು. ಆ ತೈಲವನ್ನು ನೆಲದಿಂದ ತೆಗೆಯುವವರ ಕಸುಬು ಹಾಗಾಗಿ ನಮ್ಮ ಕಣ್ಣಿಗೆ ಬೀಳುವುದೇ ಇಲ್ಲ.

ನಮ್ಮ ಕಾನೂನಿನ ಕಣ್ಣಲ್ಲಿ ತೈಲಬಾವಿಯೂ ಒಂದು ಗಣಿ. ಆದ್ದರಿಂದ ಹೊಸಬರು ಮೊದಲು ಗಣಿ ಕಾರ್ಮಿಕರಿಗಿರುವ ತರಬೇತಿ ಮುಗಿಸಬೇಕು. ಆ ವಲಯದಲ್ಲಿ ಎಲ್ಲರೂ ಅದನ್ನು ಎಂವಿಟಿ ಎನ್ನುತ್ತಾರೆ. ಆಮೇಲೆ ರಿಗ್ಗಿನ ನೆಲ. ಒಂಬತ್ತು ಮೀಟರಿಗೂ ಉದ್ದದ ಉಕ್ಕಿನ ಪೈಪುಗಳನ್ನು ಸ್ಲಿಪ್ ಹಾಕಿ ಹಿಡಿದು, ಟಾಂಗ್ ಕಚ್ಚಿಸಿ ತಿರುಗಿಸಿ ಜೋಡಿಸುವುದು, ಬಿಚ್ಚುವುದು. ಇಲ್ಲಿ ಕೈ ಎಲ್ಲಿಡಬೇಕು ಎನ್ನುವುದಕ್ಕಿಂತ ಎಲ್ಲಿಡಬಾರದು ಎನ್ನುವುದೇ ದೊಡ್ಡ ಪಾಠ. ಮೇಲೆ, ಎಂಟು ಅಂತಸ್ತಿನಷ್ಟು ಎತ್ತರದ ಹಲಗೆಯ ಮೇಲೆ ಬೆಲ್ಟ್ ಕಟ್ಟಿಕೊಂಡು ಟಾಪ್‌ಮ್ಯಾನ್ ನಿಂತಿರುತ್ತಾನೆ. ಮೂರು ಮೂರು ಪೈಪುಗಳ ಸ್ಟ್ಯಾಂಡುಗಳನ್ನು ಸಾಲಾಗಿ ಒರಗಿಸುವುದು ಅವನ ಕೆಲಸ.

ಆದರೆ ಈ ವಿದ್ಯೆಯ ಜೀವ ಇರುವುದು ಪೈಪಿನಲ್ಲಲ್ಲ, ಮಡ್‌ನಲ್ಲಿ. ನೀರಿಗೆ ಬೆಂಟೊನೈಟ್ ಜೇಡಿ, ತೂಕಕ್ಕೆ ಬೆರೈಟ್ ಪುಡಿ ಬೆರೆಸಿದ ದ್ರವ. ಅದು ಕಲ್ಲು ಕೊರೆಯುವ ಮೊನೆಯನ್ನು, ಅಂದರೆ ಬಿಟ್ಟನ್ನು, ತಣ್ಣಗಿಡುತ್ತದೆ, ಕಲ್ಲಿನ ಚೂರನ್ನು ಮೇಲೆ ತರುತ್ತದೆ, ಎಲ್ಲಕ್ಕಿಂತ ಮುಖ್ಯವಾಗಿ ತನ್ನ ಭಾರದಿಂದ ಕೆಳಗಿನ ಎಣ್ಣೆ, ಅನಿಲಗಳನ್ನು ಅದುಮಿಡುತ್ತದೆ. ಹತ್ತು ಮೀಟರ್ ನೀರು ಚದರ ಸೆಂಟಿಮೀಟರಿಗೆ ಒಂದು ಕಿಲೋ ಒತ್ತುತ್ತದೆ. ನೀರಿಗಿಂತ 1.2 ಪಟ್ಟು ತೂಕದ ಮಡ್ 3,000 ಮೀಟರ್ ಆಳದಲ್ಲಿ 360 ಕಿಲೋ ಒತ್ತುತ್ತದೆ. ಕಲ್ಲಿನೊಳಗಿನ ಒತ್ತಡ ಅದಕ್ಕಿಂತ ಕಡಿಮೆ ಇದ್ದರೆ ಸರಿ. ಹಾಗೆಂದು ಮಡ್ಡಿನ ತೂಕ ಸಿಕ್ಕಾಪಟ್ಟೆ ಏರಿಸಿದರೆ ಕಲ್ಲೇ ಬಿರಿದು ಮಡ್ ಒಳಗೆ ಇಳಿದುಹೋಗುತ್ತದೆ, ಬಾವಿಯಲ್ಲಿ ಅದರ ಮಟ್ಟ ಕುಸಿಯುತ್ತದೆ, ಅದುಮಿಟ್ಟದ್ದು ಆಗ ಎದ್ದು ಬರುತ್ತದೆ.

ನನಗೆ ಅತ್ಯಂತ ಸೊಗಸಾಗಿ ಕಂಡ ಪಾಠ ಪೈಪು ಮೇಲೆತ್ತುವಾಗಿನದು. ಬಿಟ್ ಸವೆದರೆ ಇಡೀ ಸರವನ್ನು ಹೊರಗೆಳೆಯಬೇಕು. ಎಳೆದಷ್ಟೂ ಬಾವಿಯೊಳಗೆ ಉಕ್ಕಿನ ಜಾಗ ಖಾಲಿ, ಅದನ್ನು ಮಡ್‌ನಿಂದ ತುಂಬುತ್ತಲೇ ಇರಬೇಕು. ಐದು ಇಂಚಿನ ಪೈಪಾದರೆ ಒಂದು ಸ್ಟ್ಯಾಂಡಿಗೆ ಸುಮಾರು 110 ಲೀಟರ್, ಐದು ಸ್ಟ್ಯಾಂಡಿಗೆ 550. ಬಾವಿ 450 ಲೀಟರನ್ನಷ್ಟೇ ಕುಡಿಯಿತು ಅನ್ನಿ. ಉಳಿದ ನೂರು ಲೀಟರ್ ಜಾಗಕ್ಕೆ ಯಾರೋ ಬಂದು ಕೂತಿದ್ದಾರೆ. ಬಂದದ್ದು ಅನಿಲವಾದರೆ ಮೇಲೇರುತ್ತ ಒತ್ತಡ ಇಳಿದಂತೆ ಅದು ನೂರಾರು ಪಟ್ಟು ಹಿಗ್ಗುತ್ತದೆ. ಹೀಗೆ ನುಸುಳುವುದಕ್ಕೆ ಕಿಕ್ ಎನ್ನುತ್ತಾರೆ. ಕಿಕ್ಕನ್ನು ತಡೆಯಲಾಗದಿದ್ದರೆ ಬ್ಲೋಔಟ್. ಸದ್ದು ಕೇಳುವ ಮೊದಲೇ, ಮಡ್ ತುಂಬುವ ಟ್ಯಾಂಕಿನ ಲೆಕ್ಕದಲ್ಲೇ ಇದನ್ನು ಹಿಡಿಯಬೇಕು.

ಅದಕ್ಕೆಂದೇ ಸಿಮ್ಯುಲೇಟರ್ ಕೋಣೆಗಳಿವೆ. ಡ್ರಿಲ್ಲರ್ ಎದುರಿಗೆ ನಿಜವಾದ ರಿಗ್ಗಿನಂಥದೇ ಮೀಟರು, ಹಿಡಿಕೆಗಳು. ಬೋಧಕ ಆಚೆಯಿಂದ ಸದ್ದಿಲ್ಲದೆ ಒಂದು ಕಿಕ್ ಬಿಡುತ್ತಾನೆ. ಈತ ಕೊರೆಯುವುದನ್ನು ನಿಲ್ಲಿಸಿ, ಪೈಪು ಎತ್ತಿ, ಪಂಪು ಆರಿಸಿ, ಬಾವಿ ತಾನಾಗಿ ಹರಿಯುತ್ತಿದೆಯೇ ನೋಡಿ, ಹರಿಯುತ್ತಿದ್ದರೆ ಬಾವಿಯ ಬಾಯಿಯಲ್ಲಿರುವ ಬಿಓಪಿಯನ್ನು, ಅಂದರೆ ಬ್ಲೋಔಟ್ ತಡೆಯುವ ಕವಾಟವನ್ನು, ಮುಚ್ಚಬೇಕು. ಅಬರ್‌ಕ್ರಾಂಬಿ, ಕ್ಯಾಮರಾನ್ ಎಂಬಿಬ್ಬರು 1922ರಲ್ಲಿ ಟೆಕ್ಸಾಸ್‌ನಲ್ಲಿ ರೂಪಿಸಿದ ದೈತ್ಯ ಕವಾಟದ ವಂಶದ್ದು ಇದು. ಮುಚ್ಚಲು ಯಾರ ಅಪ್ಪಣೆಯನ್ನೂ ಕೇಳಬೇಕಿಲ್ಲ. ಒಂದು ಸಹಿಗೆ ಮೂರು ಟೇಬಲ್ ತಿರುಗುವ ನಮ್ಮ ನಾಡಿನಲ್ಲಿ ಇದನ್ನು ಕಲಿಸುವುದೇ ಕಷ್ಟವಿರಬೇಕು. ಸುಮ್ಮನೆ ಮುಚ್ಚಿ ಗಂಟೆಗಟ್ಟಲೆ ಕೆಲಸ ಕೆಡಿಸಿದೆ ಎಂಬ ಬೈಗುಳದ ಭಯ ಬಿಡಿಸಿದ ಮೇಲೇ ಉಳಿದದ್ದು.

ತಪ್ಪಿದರೆ ಏನಾಗುತ್ತದೆಂಬುದಕ್ಕೆ ದೂರ ಹೋಗಬೇಕಿಲ್ಲ. ಆಂಧ್ರದ ಕೋನಸೀಮೆಯ ಪಾಸರ್ಲಪೂಡಿಯಲ್ಲಿ 1995ರ ಜನವರಿಯಲ್ಲಿ ಹೊತ್ತಿದ ಬಾವಿ ಎರಡು ತಿಂಗಳು ಉರಿಯಿತು. ಅಸ್ಸಾಮಿನ ಬಾಗ್ಜಾನ್‌ನಲ್ಲಿ 2020ರ ಮೇ 27ರಂದು, ದುರಸ್ತಿಗೆಂದು ತೆರೆದ ಬಾವಿಯ ಮೇಲಿನ ಬಿಓಪಿ ತೆಗೆದಿದ್ದಾಗ ಅನಿಲ ನುಗ್ಗಿತು. ಜೂನ್ 9ಕ್ಕೆ ಬೆಂಕಿ ಹತ್ತಿ ಇಬ್ಬರು ಅಗ್ನಿಶಾಮಕರು ತೀರಿಕೊಂಡರು. ಬಾವಿಯನ್ನು ಪೂರ್ತಿ ತಣಿಸಿದ್ದು ನವೆಂಬರಿನಲ್ಲಿ.

ಡ್ರಿಲ್ಲರ್‌ಗಳೂ ಅವರ ಮೇಲಿನವರೂ ಪಡೆಯುವ ಅಂತರರಾಷ್ಟ್ರೀಯ ವೆಲ್ ಕಂಟ್ರೋಲ್ ಸರ್ಟಿಫಿಕೇಟಿಗೆ ಎರಡೇ ವರ್ಷ ಆಯುಸ್ಸು. ರಿಗ್ಗಿನಲ್ಲೇ ತಲೆ ನರೆಸಿಕೊಂಡ ಟೂಲ್‌ಪುಷರ್, ಅಂದರೆ ರಿಗ್ಗಿನ ಮೇಲ್ವಿಚಾರಕ, ಕೂಡ ಮತ್ತೆ ಬಂದು, ಮಗನ ವಯಸ್ಸಿನವರ ಪಕ್ಕ ಕೂತು, ಕ್ಯಾಲ್ಕುಲೇಟರ್ ಒತ್ತುತ್ತ ಕಿಲ್ ಶೀಟ್ ತುಂಬುತ್ತಾನೆ: ಎಷ್ಟು ತೂಕದ ಮಡ್, ಎಷ್ಟು ಸ್ಟ್ರೋಕು, ಎಷ್ಟು ಒತ್ತಡ. ಅನುಭವಕ್ಕೆ ಅಲ್ಲಿ ಗ್ರೇಸ್ ಅಂಕವಿಲ್ಲ.