ಮತದಾನ ಹೆಚ್ಚಾಗಿದೆ, ಯಾರಿಗೆ ಲಾಭ?

ಚುನಾವಣೆಯ ಸಂಜೆ ಚರ್ಚಾ ಕಾರ್ಯಕ್ರಮಕ್ಕೆ ಕುಳಿತಾಗಲೆಲ್ಲ ಈ ಪ್ರಶ್ನೆ ಬಂದೇ ಬರುತ್ತದೆ. ಮತದಾನ ಹೆಚ್ಚಿದ್ದರೆ ಜನ ಸಿಟ್ಟಿನಿಂದ ಹೊರಬಂದಿದ್ದಾರೆ, ಆಳುವ ಪಕ್ಷಕ್ಕೆ ಏಟು ಎನ್ನುತ್ತಾರೆ ಒಬ್ಬರು. ಇಲ್ಲ, ಆಳುವವರೇ ಜನರನ್ನು ಮತಗಟ್ಟೆಗೆ ಕರೆತಂದಿದ್ದಾರೆ ಎನ್ನುತ್ತಾರೆ ಇನ್ನೊಬ್ಬರು. ಒಂದೇ ಅಂಕಿಯಿಂದ ಎರಡು ವಿರುದ್ಧ ಉತ್ತರಗಳು ಬರುವುದಾದರೆ ಆ ಅಂಕಿಯಲ್ಲಿ ಉತ್ತರ ಇಲ್ಲ ಎಂದೇ ಅರ್ಥವಲ್ಲವೇ? ಹಾವೇರಿ ಜಿಲ್ಲೆಯ ಹಾನಗಲ್, ಶಿಗ್ಗಾವಿ, ಸವಣೂರು, ಹಿರೇಕೆರೂರುಗಳನ್ನು ಮುಂದಿಟ್ಟುಕೊಂಡು ಇದನ್ನು ಪರೀಕ್ಷಿಸಿ ನೋಡೋಣ.

ಮೊದಲು ಒಂದು ಸ್ಪಷ್ಟನೆ. 'ಸವಣೂರಿನಲ್ಲಿ ಯಾರು ಗೆದ್ದರು?' ಎಂದು ಕೇಳಿದರೆ ಉತ್ತರವಿಲ್ಲ. ನವಾಬರು ಆಳಿದ ಊರಾದರೂ ಅದಕ್ಕೆ ತನ್ನದೇ ವಿಧಾನಸಭಾ ಕ್ಷೇತ್ರವಿಲ್ಲ. ಸವಣೂರು ತಾಲ್ಲೂಕು ಶಿಗ್ಗಾವಿ ಕ್ಷೇತ್ರದಲ್ಲಿ ಸೇರಿದೆ. ಲೋಕಸಭೆಗಾದರೆ ಶಿಗ್ಗಾವಿ ಕ್ಷೇತ್ರವು ಧಾರವಾಡಕ್ಕೆ ಸೇರುತ್ತದೆ, ಹಾನಗಲ್ ಮತ್ತು ಹಿರೇಕೆರೂರು ಹಾವೇರಿಗೆ. ಹೀಗಾಗಿ 2024ರಲ್ಲಿ ಶಿಗ್ಗಾವಿಯ ಶಾಸಕ ಬಸವರಾಜ ಬೊಮ್ಮಾಯಿ ಹಾವೇರಿಯಿಂದ ಲೋಕಸಭೆಗೆ ನಿಂತಾಗ, ಅವರನ್ನು ನಾಲ್ಕು ಬಾರಿ ಗೆಲ್ಲಿಸಿದ್ದ ಕ್ಷೇತ್ರದ ಮತದಾರರಿಗೇ ಅವರಿಗೆ ಮತ ಹಾಕುವ ಅವಕಾಶವಿರಲಿಲ್ಲ!

ಈ ಮೂರೂ ಕ್ಷೇತ್ರಗಳಲ್ಲಿ ಐದೇ ವರ್ಷಗಳೊಳಗೆ ಒಂದೊಂದು ಉಪಚುನಾವಣೆ ನಡೆಯಿತು. ನಮ್ಮ ಪರೀಕ್ಷೆಗೆ ಇದಕ್ಕಿಂತ ಒಳ್ಳೆಯ ಪ್ರಯೋಗಶಾಲೆ ಸಿಗುವುದು ಕಷ್ಟ. 2019ರ ಡಿಸೆಂಬರ್ 5ರಂದು ಹಿರೇಕೆರೂರಿನಲ್ಲಿ ಸುಮಾರು ಶೇಕಡಾ 79ರಷ್ಟು ಮತದಾನವಾಯಿತು, ಆಳುವ ಬಿ.ಜೆ.ಪಿ. ಗೆದ್ದಿತು. 2021ರ ಅಕ್ಟೋಬರ್ 30ರಂದು ಹಾನಗಲ್‌ನಲ್ಲಿ ಶೇಕಡಾ 83ನ್ನೂ ದಾಟಿತು. ಪಕ್ಕದ ಶಿಗ್ಗಾವಿಯ ಬೊಮ್ಮಾಯಿಯವರೇ ಮುಖ್ಯಮಂತ್ರಿಯಾಗಿದ್ದರೂ ಬಿ.ಜೆ.ಪಿ. 7,373 ಮತಗಳಿಂದ ಸೋತಿತು. 2024ರ ನವೆಂಬರ್ 13ರಂದು ಶಿಗ್ಗಾವಿಯಲ್ಲಿ ಶೇಕಡಾ 80ಕ್ಕೂ ಹೆಚ್ಚು. ಈ ಬಾರಿ ಆಳುವ ಕಾಂಗ್ರೆಸ್ಸಿನದೇ ಗೆಲುವು. ಹಿರೇಕೆರೂರು ಮತ ಹಾಕಿದ ದಿನವೇ ಬೆಂಗಳೂರಿನ ಕೆ.ಆರ್. ಪುರದಲ್ಲಿ ಅರ್ಧದಷ್ಟು ಜನವೂ ಮತಗಟ್ಟೆಗೆ ಬರಲಿಲ್ಲ. ಅಲ್ಲಿಯೂ ಗೆದ್ದದ್ದು ಬಿ.ಜೆ.ಪಿ.ಯೇ. ಸುಮಾರು ಶೇಕಡಾ 90 ಮತದಾನವಾದ ಹೊಸಕೋಟೆಯಲ್ಲಿ ಪಕ್ಷೇತರರು ಗೆದ್ದರು.

ಅಂದಮೇಲೆ ಶೇಕಡಾವಾರು ಪ್ರಮಾಣ ಹೇಳುವುದೇನನ್ನು? ಅದೊಂದು ಭಾಗಾಕಾರ, ಅಷ್ಟೇ. ಮೇಲೆ ಮತ ಹಾಕಿದವರ ಸಂಖ್ಯೆ, ಕೆಳಗೆ ಮತದಾರರ ಪಟ್ಟಿಯಲ್ಲಿರುವ ಹೆಸರುಗಳ ಸಂಖ್ಯೆ. ಒಂದು ಪಟ್ಟಿಯಲ್ಲಿ 1,000 ಹೆಸರುಗಳಿವೆ, 720 ಜನ ಮತ ಹಾಕಿದರು ಎಂದುಕೊಳ್ಳಿ: ಶೇಕಡಾ 72. ಆ ಸಾವಿರದಲ್ಲಿ ನೂರು ಹೆಸರು ತೀರಿಕೊಂಡವರದೋ ಊರು ಬಿಟ್ಟವರದೋ ಆಗಿದ್ದು, ಅವನ್ನು ತೆಗೆದರೆ ಅದೇ 720 ಜನ ಶೇಕಡಾ 80 ಆಗುತ್ತಾರೆ. ಹೊಸದಾಗಿ ಒಬ್ಬರೂ ಮತ ಹಾಕಲಿಲ್ಲ! ಮನೆ ಬದಲಿಸುವವರು ಹೆಚ್ಚಿರುವ ನಗರದಲ್ಲಿ ಕೆಳಗಿನ ಸಂಖ್ಯೆ ಉಬ್ಬುತ್ತದೆ. ಹಳ್ಳಿಯಲ್ಲಿ ಯಾರು ಇದ್ದಾರೆ, ಯಾರು ಇಲ್ಲ ಎಂಬುದು ಪಟ್ಟಿ ಹಿಡಿದ ಶಾಲಾ ಮಾಸ್ತರರಿಗೆ ಗೊತ್ತಿರುತ್ತದೆ. ಮತಗಟ್ಟೆಯೂ ಅದೇ ಶಾಲೆ, ನಾಲ್ಕು ಹೆಜ್ಜೆಯ ದೂರ. ದುಡಿಯಲು ಹೊರಗೆ ಹೋದವರನ್ನು ಕರೆಸಿಕೊಳ್ಳುವ ಉತ್ಸಾಹವಂತೂ ಎಲ್ಲ ಪಕ್ಷಗಳಿಗೂ ಉಂಟು.

ಇನ್ನು ಒಲವಿನ ಮಾತು. ಹಾನಗಲ್‌ನಲ್ಲಿ 1983ರಿಂದ 2018ರವರೆಗೆ ಗೆದ್ದವರು ಇಬ್ಬರೇ: ಸಿ.ಎಂ. ಉದಾಸಿ ಮತ್ತು ಕಾಂಗ್ರೆಸ್ಸಿನ ಮನೋಹರ ತಹಶೀಲ್ದಾರ್. ಉದಾಸಿಯವರು ಪಕ್ಷೇತರರಾಗಿ, ಜನತಾ ಪಕ್ಷದಿಂದ, ಜನತಾದಳದಿಂದ, ಬಿ.ಜೆ.ಪಿ.ಯಿಂದ ಗೆದ್ದರು. ಜನ ಆರಿಸಿದ್ದು ಪಕ್ಷವನ್ನೋ ಉದಾಸಿಯವರನ್ನೋ? ಹಿರೇಕೆರೂರಿನ ಕಥೆ ಇನ್ನೂ ಸ್ವಾರಸ್ಯಕರ. 2018ರಲ್ಲಿ ಕಾಂಗ್ರೆಸ್ಸಿನ ಬಿ.ಸಿ. ಪಾಟೀಲರು ಬಿ.ಜೆ.ಪಿ.ಯ ಯು.ಬಿ. ಬಣಕಾರರನ್ನು 555 ಮತಗಳಿಂದ ಸೋಲಿಸಿದರು. 2023ರಲ್ಲಿ ಎದುರಾದವರು ಅದೇ ಇಬ್ಬರು, ಆದರೆ ಪಕ್ಷಗಳು ಅದಲು ಬದಲು, ಗೆದ್ದವರು ಬಣಕಾರರು. ಆ 555ನ್ನು ತಿರುಗಿಸಲು 278 ಜನ ಮನಸ್ಸು ಬದಲಿಸಿದ್ದರೆ ಸಾಕಿತ್ತು. ಇಂಥ ಕ್ಷೇತ್ರಕ್ಕೆ ಯಾವ ಬಣ್ಣ ಬಳಿಯುವುದು? ಹಾವೇರಿ ಲೋಕಸಭಾ ಕ್ಷೇತ್ರದ ಎಂಟು ವಿಧಾನಸಭಾ ಸ್ಥಾನಗಳಲ್ಲಿ ಏಳನ್ನು 2023ರಲ್ಲಿ ಕಾಂಗ್ರೆಸ್ ಗೆದ್ದಿತ್ತು. ಒಂದೇ ವರ್ಷದ ನಂತರ ಲೋಕಸಭೆಗೆ ಅಲ್ಲಿಂದ ಬೊಮ್ಮಾಯಿಯವರು 43,513 ಮತಗಳ ಅಂತರದಿಂದ ಆಯ್ಕೆಯಾದರು.

ಒಲವಿನ ನಿಜವಾದ ಲೆಕ್ಕ ಸಿಗುವುದು ಮತಗಟ್ಟೆವಾರು ಎಣಿಕೆಯಲ್ಲಿ. ಆದರೆ ಅಲ್ಲಿ ಒಂದು ಅಪಾಯವೂ ಇದೆ, ಇದರ ಬಗ್ಗೆ ನಾವು ಚರ್ಚಿಸುವುದು ಕಡಿಮೆ. ಮತಪತ್ರಗಳ ಕಾಲದಲ್ಲಿ, ಆಯೋಗ ಸೂಚಿಸಿದ ಕಡೆ, ಹಲವು ಮತಗಟ್ಟೆಗಳ ಪತ್ರಗಳನ್ನು ಬೆರೆಸಿ ಎಣಿಸುತ್ತಿದ್ದರು. ಮತಯಂತ್ರವನ್ನು ಹಾಗೆ ಬೆರೆಸಲಾಗದು. ಪ್ರತಿ ಯಂತ್ರದ ಫಲಿತಾಂಶ ಬೇರೆಯಾಗಿಯೇ ಹೊರಬರುತ್ತದೆ. ಸಾವಿರದ ಆಸುಪಾಸು ಮತದಾರರಿರುವ ಹಳ್ಳಿಯಲ್ಲಿ ಎಂಟುನೂರು ಜನ ಮತ ಹಾಕಿದರೆ, ಆ ಹಳ್ಳಿ ಯಾರ ಕಡೆ ವಾಲಿತೆಂಬುದು ಗೆದ್ದವರಿಗೂ ತಿಳಿಯುತ್ತದೆ, ಸೋತವರಿಗೂ ತಿಳಿಯುತ್ತದೆ. ಒಬ್ಬೊಬ್ಬರ ಮತ ಗುಪ್ತವೇ, ಊರಿನ ಮತ ಗುಪ್ತವಲ್ಲ. ನಿಮ್ಮ ಊರಿನ ರಸ್ತೆಗೋ ಕೊಳವೆಬಾವಿಗೋ ಅರ್ಜಿ ಹಿಡಿದು ಹೋದಾಗ ಎದುರಿಗಿರುವವರ ಮನಸ್ಸಿನಲ್ಲಿ ಆ ಪಟ್ಟಿ ಇರುವುದಿಲ್ಲ ಎಂದು ಹೇಗೆ ನಂಬುವಿರಿ? ಪೂರ್ತಿ ಮತ ಹಾಕಿದ ಊರಿಗೇ ಈ ಭಯ ಹೆಚ್ಚು ಎಂಬುದು ವಿಪರ್ಯಾಸ.

ಇದಕ್ಕೆ ಪರಿಹಾರವಾಗಿ ಚುನಾವಣಾ ಆಯೋಗವು 2008ರಲ್ಲಿ 'ಟೋಟಲೈಸರ್' ಎಂಬ ಸಾಧನವನ್ನು ಸೂಚಿಸಿತು. ಹದಿನಾಲ್ಕು ಮತಗಟ್ಟೆಗಳ ಯಂತ್ರಗಳನ್ನು ಒಟ್ಟಿಗೆ ಜೋಡಿಸಿ ಒಟ್ಟು ಮೊತ್ತವನ್ನಷ್ಟೇ ತೋರಿಸುವ ವ್ಯವಸ್ಥೆ ಇದು. ಕಾನೂನು ಆಯೋಗವು 2015ರ ತನ್ನ 255ನೆಯ ವರದಿಯಲ್ಲಿ ಇದನ್ನು ಬೆಂಬಲಿಸಿತು. ಕೇಂದ್ರ ಸರ್ಕಾರ ಒಪ್ಪಲಿಲ್ಲ. 2024ರಲ್ಲಿ ಶಿಗ್ಗಾವಿಯ ಎಣಿಕೆಯೂ ಮತಗಟ್ಟೆವಾರಾಗಿಯೇ ನಡೆಯಿತು.